‘ಬೇಡ’ ಎಂದವರಿಗೆ

ನಮ್ಮ ಫೋಟೊ ಪ್ರದರ್ಶನ ಮುಗಿದಿದೆ. 24 ಚಿತ್ರಗಳು ಗೋಡೆಯಿಂದ ಇಳಿದು, ಮೂಲೆಗಳಿಗೆ ರಟ್ಟಿನ ಟೋಪಿ ಹಾಕಿಕೊಂಡು ಪೆಟ್ಟಿಗೆ ಸೇರಿವೆ. ಬಂದು ನೋಡಿದವರಿಗೆ, ಪುಸ್ತಕದಲ್ಲಿ ನಾಲ್ಕು ಸಾಲು ಬರೆದು ಹೋದವರಿಗೆ ನಮಸ್ಕಾರ. ಆದರೆ ಈ ಬರಹ ಹೆಚ್ಚಾಗಿ ಬೇರೆಯವರಿಗೆ ಸಲ್ಲಬೇಕಾದದ್ದು. ಕೆಲಸದ ಒಂದೊಂದು ಘಟ್ಟದಲ್ಲೂ ಯಾರಾದರೊಬ್ಬರು ‘ಇದು ಬೇಡ’, ‘ಇನ್ನೂ ಆಗಿಲ್ಲ’ ಎಂದು ತಡೆದಿದ್ದಾರೆ. ತಡೆದದ್ದು ಗೋಡೆಯ ಮೇಲೆ ಕಾಣುವುದಿಲ್ಲ. ಹಾಗಾಗಿ ಅವರು ಏನನ್ನು ತಡೆದರು, ಏಕೆ ತಡೆದರು ಎಂದು ಬಿಡಿಸಿ ಹೇಳುವುದೇ ನಾವು ಅವರಿಗೆ ಹೇಳಬಹುದಾದ ಸರಿಯಾದ ಥ್ಯಾಂಕ್ಸ್.

ಮೊದಲನೆಯದು, ಕ್ಯಾಮೆರಾ ಎತ್ತಿದ ಕೂಡಲೇ ಕೈ ಅಡ್ಡ ಹಿಡಿದವರಿಗೆ. ದೂರದಲ್ಲಿ ನಿಂತು 200 ಎಂಎಂ ಲೆನ್ಸಿನಲ್ಲಿ ಮುಖವನ್ನು ಕದಿಯಬಹುದು, ಚಿತ್ರ ಚೊಕ್ಕವಾಗಿಯೂ ಬರುತ್ತದೆ. ಆದರೆ ಆ ಮುಖ ಯಾರನ್ನೂ ನೋಡುತ್ತಿರುವುದಿಲ್ಲ. 50 ಎಂಎಂ ಲೆನ್ಸ್ ಹಾಕಿಕೊಂಡು ಎದೆಮಟ್ಟದ ಭಾವಚಿತ್ರ ತೆಗೆಯಬೇಕೆಂದರೆ ಒಂದೂವರೆ ಮೀಟರ್ ಹತ್ತಿರಕ್ಕೆ ಹೋಗಲೇಬೇಕು. ಅಷ್ಟು ಹತ್ತಿರ ಹೋಗಬೇಕೆಂದರೆ ಕೇಳಲೇಬೇಕು. ಕೇಳಿದಾಗ ‘ಬೇಡ’ ಎಂದವರಿಂದಲೇ ಮೊದಲು ಕೂತು ಮಾತಾಡುವುದು, ಕ್ಯಾಮೆರಾವನ್ನು ಚೀಲದಲ್ಲೇ ಬಿಡುವುದು ಅಭ್ಯಾಸವಾಯಿತು.

ಎರಡನೆಯದು, ಚಿತ್ರ ಆರಿಸಲು ನಮ್ಮ ಜೊತೆ ನೆಲದ ಮೇಲೆ ಕೂತವರಿಗೆ. ತೆಗೆದವರಿಗೆ ಚಿತ್ರದ ಜೊತೆ ಆ ದಿನದ ಚಳಿ, ಕಾಯ್ದ ಹೊತ್ತು, ಹತ್ತಿದ ಗುಡ್ಡ ಎಲ್ಲವೂ ಕಾಣುತ್ತದೆ. ನೋಡುವವರಿಗೆ ಕಾಗದದ ಮೇಲಿರುವುದಷ್ಟೇ ಕಾಣುತ್ತದೆ. ಈ ವ್ಯತ್ಯಾಸ ತೆಗೆದವರ ಕಣ್ಣಿಗೆ ಹತ್ತುವುದು ಬಹಳ ಕಷ್ಟ. ಅಮೆರಿಕದ ಫೋಟೊಗ್ರಾಫರ್ ಗ್ಯಾರಿ ವಿನೊಗ್ರಾಂಡ್ ಇದಕ್ಕಾಗಿಯೇ ಫಿಲಂ ರೋಲುಗಳನ್ನು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಡೆವಲಪ್ ಮಾಡದೆ ಇಡುತ್ತಿದ್ದರು. ತೆಗೆದಾಗಿನ ಖುಷಿ ಮರೆತ ಮೇಲೆ ನೋಡಬೇಕೆಂಬ ಲೆಕ್ಕ. 1984ರಲ್ಲಿ ಅವರು ತೀರಿಕೊಂಡಾಗ ಡೆವಲಪ್ ಆಗದ ಸುಮಾರು 2,500 ರೋಲುಗಳು ಉಳಿದಿದ್ದವು. ಅಷ್ಟು ದೂರ ಹೋಗಬೇಕಿಲ್ಲ ಬಿಡಿ, ಬೇರೆಯವರ ಒಂದು ಜೊತೆ ಕಣ್ಣು ಸಾಲವಾಗಿ ಸಿಕ್ಕರೆ ಒಂದು ವರ್ಷದ ಮರೆವು ಒಂದೇ ಮಧ್ಯಾಹ್ನದಲ್ಲಿ ಸಿಗುತ್ತದೆ.

ನಮ್ಮ ಜೊತೆ ನೆಲದ ಮೇಲೆ ಕೂತವರು ಮಾಡಿಸಿದ ಕ್ರಮ ಬೇರೆಯವರಿಗೂ ಉಪಯೋಗಕ್ಕೆ ಬರಬಹುದು. ಸ್ಕ್ರೀನಿನ ಮೇಲೆ ಆರಿಸಬೇಡಿ. ಅಲ್ಲಿ ಒಂದು ಸಲಕ್ಕೆ ಒಂದೇ ಚಿತ್ರ ಕಾಣುತ್ತದೆ, ಅದೂ ಬೆಳಕು ಚೆಲ್ಲುತ್ತಾ, ಇರುವುದಕ್ಕಿಂತ ಚೆಂದವಾಗಿ. ಸುಮಾರು 150 ಚಿತ್ರಗಳನ್ನು 4×6 ಇಂಚಿನ ಸಾಧಾರಣ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಮೊದಲ ಸುತ್ತು ಬೇಗ ಮುಗಿಸಿ: ಹೌದು, ಬೇಡ, ಆಮೇಲೆ ನೋಡೋಣ ಎಂದು ಮೂರು ಗುಡ್ಡೆ. ‘ಹೌದು’ ಗುಡ್ಡೆಯನ್ನು ದಿನಾ ಓಡಾಡುವ ಕಡೆ ಗೋಡೆಗೆ ಅಂಟಿಸಿ ಎರಡು ವಾರ ಬಿಡಿ. ಮೊದಲ ದಿನ ಕಣ್ಣು ಸೆಳೆದ ಎಷ್ಟೋ ಚಿತ್ರಗಳು ನಾಲ್ಕನೇ ದಿನಕ್ಕೆ ಬರೀ ಗೋಡೆಯಾಗಿಬಿಡುತ್ತವೆ. ಉಳಿದವನ್ನು ತಲೆಕೆಳಗಾಗಿ ಹಿಡಿದು ನೋಡಿ. ಯಾರ ಮುಖ, ಯಾವ ಜಾಗ ಎನ್ನುವುದು ಮರೆಯಾಗಿ ಕಪ್ಪು ಬಿಳುಪಿನ ತೂಕ ಮಾತ್ರ ಉಳಿಯುತ್ತದೆ. ಅಂಚಿನಲ್ಲಿ ಕಣ್ಣನ್ನು ಹೊರಗೆಳೆಯುವ ಬಿಳಿ ಚುಕ್ಕೆ ಇದ್ದರೆ ಆಗಲೇ ಸಿಕ್ಕಿಬೀಳುತ್ತದೆ.

ಕೊನೆಯ 40ರಿಂದ 24ಕ್ಕೆ ಇಳಿಸುವಾಗ ನಿಜವಾದ ಜಗಳ. ಆ ಹಂತದಲ್ಲಿ ಕೆಟ್ಟ ಚಿತ್ರ ಯಾವುದೂ ಉಳಿದಿರುವುದಿಲ್ಲ, ಒಂದೇ ಮಾತನ್ನು ಎರಡು ಸಲ ಹೇಳುವ ಚಿತ್ರಗಳಿರುತ್ತವೆ. ಎರಡರಲ್ಲಿ ಒಂದು ಹೋಗಬೇಕು, ಮತ್ತು ಹೋಗುವುದು ಸಾಮಾನ್ಯವಾಗಿ ತೆಗೆದವರಿಗೆ ಹೆಚ್ಚು ಇಷ್ಟವಾದದ್ದೇ. ಜೋರಾದ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಎರಡೂ ಸೋಲುತ್ತವೆ. ನಡುವೆ ಸುಮ್ಮನಿರುವ ಒಂದು ಚಿತ್ರ ಬೇಕು. ಒಂಟಿಯಾಗಿ ಯಾರೂ ಮೆಚ್ಚದ ಆ ಮೌನದ ಚಿತ್ರವನ್ನು ‘ಬೇಡ’ ಗುಡ್ಡೆಯಿಂದ ಹುಡುಕಿ ತೆಗೆದದ್ದೂ ಇವರೇ.

ಮೂರನೆಯದು ಪ್ರಿಂಟ್ ಮಾಡಿಕೊಟ್ಟವರಿಗೆ, ಮತ್ತು ಇದು ಉದ್ದವಾಗಿಯೇ ಇರುತ್ತದೆ. ಕಳಿಸಿದ ಫೈಲನ್ನು ಹಾಗೇ ಒತ್ತಿ ಕೊಟ್ಟಿದ್ದರೆ ಅವರ ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತಿತ್ತು.

ಪ್ರಿಂಟ್ ಕಪ್ಪಾಗಿ ಬಂತು ಎಂಬ ದೂರಿನಲ್ಲಿ ಬಹುಪಾಲು ತಪ್ಪು ಪ್ರಿಂಟರಿನದಲ್ಲ, ಮಾನಿಟರಿನದು. ಕಾರ್ಖಾನೆಯಿಂದ ಬಂದ ಮಾನಿಟರ್ ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಎರಡು ಮೂರು ಪಟ್ಟು ಹೆಚ್ಚು ಬೆಳಗುತ್ತಿರುತ್ತದೆ. ಪ್ರಿಂಟಿಗಾಗಿ ಕೆಲಸ ಮಾಡುವಾಗ ಅದರ ಬೆಳಕು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ (ಬೆಳಕಿನ ಅಳತೆ) ಒಳಗಿರಬೇಕು, ತಿಂಗಳಿಗೊಮ್ಮೆ ಅಳತೆಯ ಉಪಕರಣ ಇಟ್ಟು ಸರಿಪಡಿಸಿಕೊಳ್ಳಬೇಕು. ಇದನ್ನು ಮಾಡುವ ತನಕ ಒಂದೂ ಫೈಲ್ ಮುಟ್ಟುವುದಿಲ್ಲ ಎಂದರು. ಅದು ಸರಿ.

ಆಮೇಲೆ ಕಾಗದ. ಹತ್ತಿ ನಾರಿನ ಮ್ಯಾಟ್, ಅಂದರೆ ಹೊಳಪಿಲ್ಲದ, ಕಾಗದಕ್ಕೆ ಕೈಯಲ್ಲಿ ಹಿಡಿದಾಗಿನ ಸುಖವೇ ಬೇರೆ, ಆದರೆ ಅದರ ಅತಿ ಗಾಢ ಕಪ್ಪಿನ ಸಾಂದ್ರತೆ ಸುಮಾರು 1.6 ಅಥವಾ 1.7ಕ್ಕೆ ನಿಲ್ಲುತ್ತದೆ. ಬೇರಿಯಂ ಸಲ್ಫೇಟ್ ಲೇಪದ ಬರೈಟಾ ಕಾಗದದಲ್ಲಿ ಅದು 2.2 ದಾಟುತ್ತದೆ. ಅಂಕಿ ಹೆಚ್ಚಿದಷ್ಟೂ ಕಪ್ಪು ಗಾಢ. ಅಂದರೆ ಸ್ಕ್ರೀನಿನಲ್ಲಿ ನೆರಳೊಳಗೆ ಕಾಣುತ್ತಿದ್ದ ಬಾಗಿಲು, ಮಡಿಕೆ, ಕೂದಲು ಮ್ಯಾಟ್ ಕಾಗದದಲ್ಲಿ ಒಂದೇ ಮಸಿಯ ಮುದ್ದೆಯಾಗುತ್ತದೆ. ಪರಿಹಾರ ಎರಡು: ಆ ಕಾಗದದ ಪ್ರೊಫೈಲ್ (ಅದರ ಬಣ್ಣದ ಗುಣ ತಿಳಿಸುವ ಫೈಲ್) ಹಾಕಿ, ಪ್ರಿಂಟ್ ಹೇಗೆ ಬರುತ್ತದೆಂದು ಸ್ಕ್ರೀನಿನಲ್ಲೇ ತೋರಿಸುವ ಸಾಫ್ಟ್ ಪ್ರೂಫ್ ನೋಡುತ್ತಾ, 0ಯಿಂದ 255ರ ಅಳತೆಯಲ್ಲಿ ಕೆಳಗಿನ 20 ಮೆಟ್ಟಿಲುಗಳನ್ನು ಸ್ವಲ್ಪ ಮೇಲೆತ್ತುವುದು, ಇಲ್ಲವೇ ಆ ಚಿತ್ರಕ್ಕೆ ಬೇರೆ ಕಾಗದ ಹುಡುಕುವುದು. ರಾತ್ರಿಯ ಚಿತ್ರಗಳು ಬರೈಟಾಕ್ಕೆ, ಮಂಜಿನ ಚಿತ್ರಗಳು ಮ್ಯಾಟಿಗೆ ಹೋದದ್ದು ಹೀಗೆ. ಕಾಗದಕ್ಕೆ ಕೃತಕ ಹೊಳಪಿನ ರಾಸಾಯನಿಕ ಸೇರಿಸಿದ್ದರೆ ಮೊದಲಿಗೆ ಮಲ್ಲಿಗೆಯಷ್ಟು ಬೆಳ್ಳಗಿರುತ್ತದೆ, ವರ್ಷ ಕಳೆದಂತೆ ಆ ಹೊಳಪು ಸತ್ತು ಹಳದಿಗೆ ತಿರುಗುತ್ತದೆ. ಅದಕ್ಕೇ ಅವರು ತುಸು ಕೆನೆಬಣ್ಣದ, ಆ ರಾಸಾಯನಿಕವಿಲ್ಲದ ಕಾಗದವನ್ನೇ ಹಿಡಿದು ಕೂತರು.

ಅಳತೆಯ ವಿಷಯದಲ್ಲೂ ಅವರ ತಕರಾರೇ ಗೆದ್ದಿತು. 6000×4000 ಪಿಕ್ಸೆಲ್ಲಿನ ಫೈಲು ಇಂಚಿಗೆ 300ರಂತೆ 20×13 ಇಂಚಿಗೆ ಸರಿಹೋಗುತ್ತದೆ, 200ಕ್ಕೆ ಇಳಿಸಿದರೆ 30×20 ಆಗುತ್ತದೆ, ಎರಡು ಹೆಜ್ಜೆ ಹಿಂದೆ ನಿಂತವರಿಗೆ ಗೊತ್ತೂ ಆಗುವುದಿಲ್ಲ. ಆದರೆ ದೊಡ್ಡದಾಗಬಲ್ಲದ್ದೆಲ್ಲ ದೊಡ್ಡದಾಗಬೇಕಿಲ್ಲ. ಒಂದು ಕೈ ಮಾತ್ರ ಇರುವ ಚಿತ್ರವನ್ನು ಮೂರಡಿ ಮಾಡಿದರೆ ಅದು ಜಾಹೀರಾತಾಗುತ್ತದೆ.

ಪರೀಕ್ಷೆಗೆ ಇಡೀ ಚಿತ್ರವನ್ನು ಚಿಕ್ಕದಾಗಿ ಒತ್ತಬಾರದು. ಕೊನೆಯ ಅಳತೆಯಲ್ಲೇ, ಅತಿ ಬೆಳಕು ಮತ್ತು ಅತಿ ನೆರಳು ಎರಡೂ ಬರುವಂತೆ 4 ಇಂಚು ಅಗಲದ ಪಟ್ಟಿ ತೆಗೆಯಬೇಕು. ತೀರ್ಮಾನ ಮರುದಿನ. ಇಂಕು ಆರಲು ಒಂದು ದಿನವಾದರೂ ಬೇಕು, ಆರುವ ಮೊದಲೇ ಚೌಕಟ್ಟಿಗೆ ಸೇರಿಸಿದರೆ ಗಾಜಿನ ಒಳಮೈಗೆ ಮಂಜು ಕೂರುತ್ತದೆ. ಹತ್ತಿಯ ಕಾಗದವನ್ನು ಪ್ರಿಂಟರಿಗೆ ಹಾಕುವ ಮುನ್ನ ಮೆತ್ತನೆಯ ಬ್ರಷ್ಷಿನಿಂದ ಗುಡಿಸಬೇಕು. ಇಲ್ಲವಾದರೆ ಇಂಕು ನಾರಿನ ಚೂರಿನ ಮೇಲೆ ಬೀಳುತ್ತದೆ, ವಾರದ ನಂತರ ಆ ಚೂರು ಉದುರಿ ಕಪ್ಪು ಆಕಾಶದಲ್ಲಿ ಬಿಳಿ ಚುಕ್ಕೆ ಹುಟ್ಟುತ್ತದೆ. ಕಾಗದದ ಅಂಚು ಸುರುಳಿಯಾಗಿದ್ದರೆ ಪ್ರಿಂಟ್ ಹೆಡ್ ಸವರಿ ಮಸಿ ಬಳಿಯುತ್ತದೆ. ಬಣ್ಣ ಇದ್ದಕ್ಕಿದ್ದಂತೆ ನೇರಳೆಗೆಂಪಿಗೆ ವಾಲಿದರೆ ಬಹುಶಃ ಬಣ್ಣ ಸರಿಹೊಂದಿಸುವ ವ್ಯವಸ್ಥೆ (ಕಲರ್ ಮ್ಯಾನೇಜ್‌ಮೆಂಟ್) ಎರಡು ಕಡೆ ಆನ್ ಆಗಿದೆ, ಒಮ್ಮೆ ಸಾಫ್ಟ್‌ವೇರಿನಲ್ಲಿ, ಇನ್ನೊಮ್ಮೆ ಪ್ರಿಂಟರಿನ ಡ್ರೈವರಿನಲ್ಲಿ. ಒಂದನ್ನು ಆಫ್ ಮಾಡಿ.

24ರಲ್ಲಿ ಆರು ಡಾರ್ಕ್‌ರೂಂನಲ್ಲಿ ಮಾಡಿದ ಬೆಳ್ಳಿಯ ಪ್ರಿಂಟುಗಳು. ಬಚ್ಚಲುಮನೆಯ ಕಿಟಕಿಗೆ ತಿಂಗಳುಗಟ್ಟಲೆ ಕಪ್ಪು ಬಟ್ಟೆ ಕಟ್ಟಿದ್ದನ್ನು ಸಹಿಸಿಕೊಂಡ ಮನೆಯವರಿಗೆ ಇಲ್ಲೇ ಒಂದು ನಮಸ್ಕಾರ. ಈ ಆರನ್ನೂ ತಿದ್ದಿದ ಹಿರಿಯರು ಹೆಚ್ಚು ಮಾತಾಡುವವರಲ್ಲ. ಅವರ ‘ಬೇಡ’ಗಳು ಇಷ್ಟೇ: ಪ್ರಿಂಟ್ ಬೇಗ ಕಪ್ಪಾಗುತ್ತಿದೆ ಎಂದು 45 ಸೆಕೆಂಡಿಗೇ ಡೆವಲಪರಿನಿಂದ (ಚಿತ್ರವನ್ನು ಮೂಡಿಸುವ ದ್ರಾವಣ) ಎತ್ತಬೇಡಿ. 20 ಡಿಗ್ರಿಯಲ್ಲಿ ಫೈಬರ್ ಕಾಗದಕ್ಕೆ ಎರಡರಿಂದ ಮೂರು ನಿಮಿಷ ಬೇಕು. ಬೇಗ ಎತ್ತಿದರೆ ಕಪ್ಪು ಕಪ್ಪಾಗದೆ ಕೆಸರು ಬೂದಿಯಾಗುತ್ತದೆ. ತಪ್ಪಿರುವುದು ಎಕ್ಸ್‌ಪೋಷರಿನಲ್ಲಿ, ಅಂದರೆ ಕಾಗದಕ್ಕೆ ಬೆಳಕು ಬಿಟ್ಟ ಹೊತ್ತಿನಲ್ಲಿ, ಅಲ್ಲೇ ಕಡಿಮೆ ಮಾಡಿ. ಒದ್ದೆ ಪ್ರಿಂಟನ್ನು ನಂಬಬೇಡಿ. ಒಣಗಿದ ಮೇಲೆ ಅದು ಶೇ 5ರಿಂದ 10ರಷ್ಟು ಮಂಕಾಗುತ್ತದೆ, ಆ ಲೆಕ್ಕ ಹಿಡಿದೇ ಎಕ್ಸ್‌ಪೋಷರ್ ಸಮಯ ಕಡಿತ ಮಾಡಿ. ಚಿತ್ರವನ್ನು ಕಾಗದದಲ್ಲಿ ನಿಲ್ಲಿಸುವ ಫಿಕ್ಸರ್ ಒಂದೇ ತಟ್ಟೆಯಲ್ಲಿ ಮುಗಿಸಬೇಡಿ, ಎರಡು ತಟ್ಟೆ ಇಡಿ. ಮೊದಲನೆಯದು ಸೋತಾಗ ಚೆಲ್ಲಿ, ಎರಡನೆಯದನ್ನು ಅದರ ಜಾಗಕ್ಕೆ ತನ್ನಿ. ಅರೆಬರೆ ಫಿಕ್ಸ್ ಆದದ್ದು, ಅರೆಬರೆ ತೊಳೆದದ್ದು ಈಗ ಚೆನ್ನಾಗಿಯೇ ಕಾಣುತ್ತದೆ, ಕಂದು ಕಲೆ ಬರುವುದು ವರ್ಷಗಳ ನಂತರ.

ಹಳೆಯ ನೆಗೆಟಿವನ್ನು ಮತ್ತೆ ಪ್ರಿಂಟ್ ಮಾಡುವುದು ಬೇಡ ಎಂದು ಮಾತ್ರ ಅವರು ಎಂದೂ ಹೇಳಲಿಲ್ಲ. ಅಮೆರಿಕದ ಫೋಟೊಗ್ರಾಫರ್ ಆ್ಯನ್ಸೆಲ್ ಆ್ಯಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಎಂಬ ಊರಿನ ಮೇಲೆ ಚಂದ್ರ ಏರಿದ್ದನ್ನು ತೆಗೆದ ಒಂದೇ ನೆಗೆಟಿವನ್ನು ದಶಕಗಳ ಕಾಲ ಪ್ರಿಂಟ್ ಮಾಡಿದರು. ಮೊದಮೊದಲ ಪ್ರಿಂಟುಗಳಲ್ಲಿ ಆಕಾಶದಲ್ಲಿ ಮೋಡದ ಎಳೆಗಳು ಕಾಣುತ್ತವೆ, ಕೊನೆಕೊನೆಯವುಗಳಲ್ಲಿ ಆಕಾಶ ಬಹುತೇಕ ಕಪ್ಪು. ಆಕಾಶದ ಮಟ್ಟಿಗೆ ನೆಗೆಟಿವಿನಲ್ಲಿ ಇದ್ದದ್ದು ಅಷ್ಟೇ, ಬದಲಾದದ್ದು ಪ್ರಿಂಟ್ ಮಾಡುವವರ ಕಣ್ಣು. ಒಬ್ಬ ಫೋಟೊಗ್ರಾಫರ್ ಬೆಳೆದಿದ್ದಾರೋ ಇಲ್ಲವೋ ಎಂದು ನೋಡಬೇಕಾದರೆ ಹೊಸ ಚಿತ್ರಗಳಿಗಿಂತ ಇದು ಒಳ್ಳೆಯ ಪರೀಕ್ಷೆ: ಐದು ವರ್ಷ ಹಿಂದಿನ ಫೈಲನ್ನು ಹಳೆಯ ಪ್ರಿಂಟ್ ನೋಡದೆ ಮೊದಲಿಂದ ತಿದ್ದಿ, ಆಮೇಲೆ ಎರಡನ್ನೂ ಪಕ್ಕದಲ್ಲಿಡಿ.

ಚೌಕಟ್ಟು ಕಟ್ಟಿದವರಿಗೆ. ಪ್ರಿಂಟಿನ ಹಿಂದೆ ಅಂಟು ಬಳಿದು ರಟ್ಟಿಗೆ ಒತ್ತಿಬಿಡಿ ಎಂದರೆ ಅವರು ಕೇಳಲಿಲ್ಲ. ಕಾಗದ ಗಾಳಿಯ ತೇವಕ್ಕೆ ಹಿಗ್ಗಿ ಕುಗ್ಗುತ್ತದೆ, ನಾಲ್ಕೂ ಕಡೆ ಬಿಗಿದರೆ ಅಲೆಯೇಳುತ್ತದೆ. ಮೇಲಂಚಿನಲ್ಲಿ ಮಾತ್ರ ಎರಡು ಚಿಕ್ಕ ಜಪಾನಿ ಕಾಗದದ ಪಟ್ಟಿ, ಗೋಧಿ ಪಿಷ್ಟದ ಅಂಟು, ಅಷ್ಟೇ. ಮುಂದೆ ಎಂದಾದರೂ ಬಿಡಿಸಬೇಕಾದರೆ ನೀರಿನಲ್ಲೇ ಬಿಡುತ್ತದೆ. ಕಿಟಕಿ ಕೊರೆದ ರಟ್ಟು ಆಮ್ಲ ಇಲ್ಲದ್ದೇ ಆಗಬೇಕು. ಅಗ್ಗದ ರಟ್ಟು ಕೆಲವು ವರ್ಷಕ್ಕೆ ಚಿತ್ರದ ಸುತ್ತ ಕಂದು ಗೆರೆ ಸುಡುತ್ತದೆ. ಪ್ರಿಂಟ್ ಗಾಜಿಗೆ ತಾಗಬಾರದು, ತೇವ ಸೇರಿದರೆ ಅಂಟಿಕೊಂಡು ಮತ್ತೆ ಬಿಡುವುದಿಲ್ಲ. ಕೆಳಗಿನ ಅಂಚನ್ನು ಮೇಲಿನದಕ್ಕಿಂತ ಒಂದು ಸೆಂಟಿಮೀಟರ್ ಹೆಚ್ಚು ಬಿಟ್ಟದ್ದೂ ಅವರದೇ ಹಟ. ಸಮ ಬಿಟ್ಟರೆ ಚಿತ್ರ ಜಾರಿ ಬೀಳುತ್ತಿರುವಂತೆ ಕಾಣುತ್ತದೆ.

ಗೋಡೆಗೆ ತೂಗುಹಾಕಿದವರು ಒಂದು ಲೆಕ್ಕ ಕಲಿಸಿದರು. ಚಿತ್ರದ ನಡುಮಧ್ಯ ನೆಲದಿಂದ 57 ಇಂಚು. ಚೌಕಟ್ಟಿನ ಎತ್ತರ 24 ಇಂಚು, ತಂತಿ ಬಿಗಿದಾಗ ಮೇಲಂಚಿಗಿಂತ 3 ಇಂಚು ಕೆಳಗೆ ನಿಲ್ಲುವುದಾದರೆ, 57ಕ್ಕೆ ಅರ್ಧ ಎತ್ತರ 12 ಕೂಡಿಸಿ 3 ಕಳೆಯಿರಿ: ಮೊಳೆ 66 ಇಂಚಿನಲ್ಲಿ. ಮೇಲಂಚನ್ನು ಸಾಲಾಗಿ ಜೋಡಿಸಬೇಡಿ, ನಡುವನ್ನು ಜೋಡಿಸಿ. ದೀಪವನ್ನು ಲಂಬಕ್ಕೆ 30 ಡಿಗ್ರಿ ಓರೆಯಾಗಿ ಇಟ್ಟರೆ ಗಾಜಿನ ಪ್ರತಿಫಲನ ನೋಡುವವರ ಕಣ್ಣಿಗೆ ಬಾರದೆ ಕೆಳಗೆ ಬೀಳುತ್ತದೆ.

ಗೋಡೆಯ ಬರಹವನ್ನು 600 ಪದದಿಂದ 120ಕ್ಕೆ ಇಳಿಸಿದವರಿಗೂ ಋಣಿ. ‘ಅಂತರಂಗದ ಪಯಣ’, ‘ಬೆಳಕಿನ ಕಾವ್ಯ’ ಎಂಬ ಪದಗಳನ್ನು ಹೊಡೆದು ಹಾಕಿ, ಎಲ್ಲಿ, ಯಾವಾಗ, ಯಾವ ಕಾಗದ ಎಂಬುದನ್ನು ಉಳಿಸಿದರು. ಚಿತ್ರದಲ್ಲಿ ಕಾವ್ಯ ಇದ್ದರೆ ನೋಡುವವರಿಗೆ ಕಾಣುತ್ತದೆ, ಇಲ್ಲದಿದ್ದರೆ ಬರೆದು ತುಂಬಲು ಆಗುವುದಿಲ್ಲ.

ಎಲ್ಲ ‘ಬೇಡ’ಗಳನ್ನೂ ಕೇಳಿದೆವು ಎಂದಲ್ಲ. ಬ್ರಿಟನ್ನಿನ ಫೋಟೊಗ್ರಾಫರ್ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಅವರಿಗೆ ಮೊದಲ ಕ್ಯಾಮೆರಾ ಮಗಳಿಂದ ಉಡುಗೊರೆಯಾಗಿ ಬಂದದ್ದು 1863ರಲ್ಲಿ, ಅವರ 48ನೇ ವಯಸ್ಸಿನಲ್ಲಿ. ಫೋಕಸ್ ಇಲ್ಲ, ಗಾಜಿನ ನೆಗೆಟಿವಿನ ಮೇಲೆ ಗೀರುಗಳಿವೆ ಎಂದು ಆ ಕಾಲದ ಫೋಟೊಗ್ರಫಿ ಪಂಡಿತರು ಜರೆದರು. ಕ್ಯಾಮೆರಾನ್ ಮೆತ್ತನೆಯ ಫೋಕಸ್ಸನ್ನು ಬಿಡಲಿಲ್ಲ. ಕೇಳಬೇಕಾದ ‘ಬೇಡ’ಕ್ಕೂ ಬಿಡಬೇಕಾದ ‘ಬೇಡ’ಕ್ಕೂ ಇರುವ ವ್ಯತ್ಯಾಸ ಹಿಡಿಯಲು ನಮಗೆ ಒಂದು ಗುರುತು ಸಿಕ್ಕಿದೆ. ಪ್ರಿಂಟಿನ ಮೇಲೆ ಬೆರಳಿಟ್ಟು ‘ಇಲ್ಲಿ, ಈ ಮೂಲೆ’ ಎನ್ನುವವರ ಮಾತು ಚಿತ್ರದ ಬಗ್ಗೆ ಇರುತ್ತದೆ. ಪ್ರಿಂಟ್ ನೋಡದೆಯೇ ‘ಹೀಗೆ ತೆಗೆಯುವುದಿಲ್ಲ’ ಎನ್ನುವವರ ಮಾತು ನಿಯಮದ ಬಗ್ಗೆ. ಮೊದಲನೆಯವರಿಗೇ ಈ ಬರಹ. ಎರಡನೆಯವರಿಗೂ ಚಹಾ ಕೊಟ್ಟಿದ್ದೇವೆ.

ಕೊನೆಯದಾಗಿ, ಪ್ರಿಂಟುಗಳನ್ನು ಮನೆಗೆ ಒಯ್ದವರಿಗೆ. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದ 3/10 ಎಂದರೆ ಹತ್ತರಲ್ಲಿ ಮೂರನೆಯದು. ಆ ಅಳತೆಯಲ್ಲಿ ಹನ್ನೊಂದನೆಯದು ಬರುವುದಿಲ್ಲ. ಬಿಸಿಲು ನೇರವಾಗಿ ಬೀಳುವ ಗೋಡೆ, ಒಲೆಯ ಮೇಲ್ಭಾಗ, ಬಚ್ಚಲಿಗೆ ತಾಗಿದ ಗೋಡೆ ಬೇಡ. ಚಿತ್ರದ ಮುಂದೆ ಇರುವುದನ್ನು ಮೇಲೆ ಗಾಜು ಎಂದೇ ಕರೆದರೂ ಅದು ಗಾಜಲ್ಲ, ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್. ಗಾಜು ಒರೆಸುವ ಅಮೋನಿಯದ ಸ್ಪ್ರೇ ತಾಗಿದರೆ ಮಬ್ಬಾಗುತ್ತದೆ, ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಮೆತ್ತನೆಯ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಮೆಲ್ಲಗೆ ಒರೆಸಿ. ಮಳೆಗಾಲದಲ್ಲಿ ಕಾಗದ ಸ್ವಲ್ಪ ಅಲೆಯೆದ್ದರೆ ಗಾಬರಿಯಾಗಬೇಡಿ, ಗಾಳಿ ಒಣಗಿದಾಗ ತಾನೇ ಕೂರುತ್ತದೆ. ಒಳಗೆ ಮಂಜು ಅಥವಾ ಚುಕ್ಕೆ ಕಂಡರೆ ಮಾತ್ರ ಚೌಕಟ್ಟನ್ನು ನೀವೇ ಬಿಚ್ಚದೆ ನಮಗೊಂದು ಮಾತು ತಿಳಿಸಿ. ಬಂದು ಸರಿಮಾಡಿಕೊಡುತ್ತೇವೆ.