ಪರಿಶೀಲನೆಯ ಸೂಚನೆ ಹಾಕುವವರ ಗಮನಕ್ಕೆ

ನಮಸ್ಕಾರ. ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳ ಅಕ್ಷರಗಳಿಗೆ ಸಂಕೇತ ನಿಗದಿ ಮಾಡುವ ಸಂಸ್ಥೆ ಯುನಿಕೋಡ್ ಕನ್ಸಾರ್ಟಿಯಂ ತನ್ನ ಕರಡುಗಳ ಸಾರ್ವಜನಿಕ ಪರಿಶೀಲನೆಗೆ ಕರೆದಾಗಲೆಲ್ಲ ಯಾರಾದರೂ ಈ ಗುಂಪಿನಲ್ಲಿ ಲಿಂಕ್ ಹಾಕುತ್ತೀರಿ. ಮರುದಿನ ಅದು ಶುಭೋದಯದ ಹೂವುಗಳ ಕೆಳಗೆ ಹೂತುಹೋಗಿರುತ್ತದೆ! ಹೋದ ಸಲ ನಾನೇ ಹುಡುಕಿ ಸುಸ್ತಾದೆ. ಸಿಗುವ ಹೊತ್ತಿಗೆ ಗಡುವು ಮುಗಿದಿತ್ತು.

ಇನ್ನು ಮುಂದೆ ಮೊದಲ ಸಾಲು ‘ಪರಿಶೀಲನೆ’ ಎಂದೇ ಶುರುವಾಗಲಿ. ಹುಡುಕಿದರೆ ಥಟ್ಟನೆ ಸಿಗುತ್ತದೆ. ಪ್ರತಿ ಕರೆಗೂ ಕನ್ಸಾರ್ಟಿಯಂನವರೇ ಕೊಡುವ ಸಂಖ್ಯೆ ಮತ್ತು ಕೊನೆಯ ದಿನಾಂಕ ಬರೆಯಿರಿ. ಕನ್ನಡಕ್ಕೂ ಅದಕ್ಕೂ ಏನು ಸಂಬಂಧ ಅಂತ ಒಂದು ಸಾಲು ಇರಲೇಬೇಕು. 2021ರಲ್ಲಿ ಯುನಿಕೋಡ್‌ನ 14ನೇ ಆವೃತ್ತಿಗೆ ನಕಾರ ಪೊಲ್ಲು (ಹಳೆಯ ಬರಹಗಳಲ್ಲಿ ಸ್ವರವಿಲ್ಲದ ‘ನ್’ಗೆ ಬಳಸುತ್ತಿದ್ದ ಅಕ್ಷರ) ಸೇರಿತು. ಅಂಥ ವಿಷಯ ಸುಮ್ನೆ ‘ಬೀಟಾ ಪರಿಶೀಲನೆ’ ಅಂತ ಬಂದರೆ ಯಾರು ತೆರೆದು ನೋಡುತ್ತಾರೆ, ಅಲ್ವಾ?

ಗಡುವಿನ ತನಕ ಅಡ್ಮಿನ್‌ಗಳು ಅದನ್ನು ಪಿನ್ ಮಾಡಿರುತ್ತೇವೆ. ಚರ್ಚೆ ಅದೇ ಸಂದೇಶದ ರಿಪ್ಲೈನಲ್ಲಿ ನಡೆಯಲಿ. ಇಲ್ಲಿ ಹೇಳಿದ್ದು ಕನ್ಸಾರ್ಟಿಯಂನವರಿಗೆ ತಲುಪುವುದಿಲ್ಲ, ಅವರ ಫಾರ್ಮ್‌ನಲ್ಲೇ ಬರೆದು ಕಳಿಸಿ.