ಏಳು ವಾರ ನೆಲ ಮುಟ್ಟದ ಕಾಲು

ನಿನ್ನೆ ಸಂಜೆ ಮಳೆ ಸ್ವಲ್ಪ ಹೊಳವಾದಾಗ ಅಂಗಳ ದಾಟಿ ಬಾವಿಕಟ್ಟೆವರೆಗೆ ನಡೆದೆ. ವಾಕರ್ ಇಲ್ಲ, ಕೈಯಲ್ಲಿ ಒಂದು ಊರುಗೋಲು ಅಷ್ಟೇ. ಎಡಪಾದದ ಆಪರೇಷನ್ ಆಗಿ 3 ತಿಂಗಳಾಯಿತು. ಬಾವಿಕಟ್ಟೆ ಹಿಡಿದು ನಿಂತಾಗ ಸಹಾಯ ಮಾಡಿದವರೆಲ್ಲ ಒಬ್ಬೊಬ್ಬರೇ ಕಣ್ಣ ಮುಂದೆ ಬಂದರು. ಎಲ್ಲರ ಮನೆಗೂ ಹೋಗಿ ಥ್ಯಾಂಕ್ಸ್ ಹೇಳುವಷ್ಟು ಕಾಲು ಇನ್ನೂ ಗಟ್ಟಿಯಾಗಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಆರೇಳು ವರ್ಷದ ಹಿಂದೆ ತೋಟದ ಧರೆ ಇಳಿಯುವಾಗ ಜಾರಿ ಎಡಗಾಲು ಹೊರಳಿತ್ತು. ಉಳುಕು ಅಂದುಕೊಂಡು ಎಣ್ಣೆ ತಿಕ್ಕಿ ಸುಮ್ನಾದೆವು. ಆಮೇಲೆ ನಿಧಾನಕ್ಕೆ ಪಾದದ ಮೇಲೆ ಗಂಟು ಎದ್ದಿತು, ಚಪ್ಪಲಿ ಪಟ್ಟಿ ತಾಗಿದರೂ ನೋವು, ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗುವ ಹತ್ತು ಹೆಜ್ಜೆಗೆ ಕಣ್ಣಲ್ಲಿ ನೀರು. ಪಾದದಲ್ಲಿ 26 ಮೂಳೆ ಇರುತ್ತವಂತೆ. ನನ್ನ ಕಾಲಿನಲ್ಲಿ ನಡುಪಾದದ, ಕಮಾನಿನ ಹತ್ತಿರದ ಕೀಲುಗಳು ಪೂರ್ತಿ ಸವೆದು ಮೂಳೆಗೆ ಮೂಳೆ ಉಜ್ಜುತ್ತಿದ್ದವು. ಸಂಧಿವಾತ. ಮಾತ್ರೆ, ಇಂಜೆಕ್ಷನ್, ಶೂ ಒಳಗಿನ ಮೆತ್ತೆ ಎಲ್ಲಾ ಮುಗಿದ ಮೇಲೆ ಉಳಿದದ್ದು ಆಪರೇಷನ್ ಒಂದೇ.

ಮೊದಲ ಥ್ಯಾಂಕ್ಸ್ ಶಿವಮೊಗ್ಗದ ನಮ್ಮ ಡಾಕ್ಟರಿಗೆ. ಕೀಲನ್ನು ಕೆರೆದು ಮೂಳೆಗಳನ್ನೇ ಒಂದಕ್ಕೊಂದು ಕೂಡಿಸುತ್ತೇವೆ, ಪ್ಲೇಟು, ಸ್ಕ್ರೂ ಹಾಕುತ್ತೇವೆ ಅಂದಾಗ ನನಗೆ ಕೈಕಾಲು ತಣ್ಣಗಾಗಿತ್ತು. ಕೀಲೇ ಹೋದರೆ ನಡೆಯೋದು ಹೇಗೆ ಅಂತ ಕೇಳಿದೆ. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅವರು ಎಕ್ಸ್‌ರೇ ಕವರಿನ ಹಿಂದೆ ಪಾದದ ಚಿತ್ರ ಬರೆದು ತೋರಿಸಿದರು. ಆ ಕೀಲುಗಳು ಚೆನ್ನಾಗಿರುವ ಕಾಲಿನಲ್ಲೂ ಅಲ್ಲಾಡುವುದು ಬಹಳ ಕಡಿಮೆ, ಕೂಡಿಸಿದರೆ ನೋವು ಹೋಗುತ್ತದೆ, ನಡಿಗೆ ಅಷ್ಟೇನೂ ಬದಲಾಗಲ್ಲ ಅಂತ. ಆ ಕವರ್ ಇನ್ನೂ ನನ್ನ ಹತ್ತಿರ ಇದೆ. ಒಂದೇ ಮಾತು ಗಟ್ಟಿಯಾಗಿ ಹೇಳಿ ಕಳಿಸಿದರು: 7 ವಾರ ಆ ಕಾಲು ನೆಲ ಮುಟ್ಟಬಾರದು.

ಮಲೆನಾಡಿನ ಮನೆ ನಿಮಗೆ ಗೊತ್ತಲ್ವಾ. ಅಂಗಳದಿಂದ ಜಗುಲಿಗೆ ಮೂರು ಮೆಟ್ಟಿಲು, ಒಂದೊಂದು ಬಾಗಿಲಿಗೂ ಮೊಣಕಾಲೆತ್ತರದ ಹೊಸಿಲು, ಬಚ್ಚಲು ಹಿಂದುಗಡೆ ಎರಡು ಮೆಟ್ಟಿಲು ಕೆಳಗೆ. ಅದೂ ಜೂನ್‌ನಲ್ಲಿ ಮೃಗಶಿರ ಮಳೆ ಶುರುವಾದ ವಾರ. ಅಡಿಕೆ ಕೊಯ್ಲು ಶುರುವಾಗುವ ಮುಂಚೆ ಎದ್ದು ಓಡಾಡಬೇಕು ಅಂತ ನಾನೇ ಆ ತಾರೀಖು ಕೇಳಿದ್ದೆ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಕರೆತಂದ ಡ್ರೈವರ್ ತಮ್ಮನನ್ನು ಮರೆಯಲಾರೆ. ಹಿಂದಿನ ಸೀಟಿನ ಉದ್ದಕ್ಕೂ ಕಾಲು ಚಾಚಿ ಕೂತಿದ್ದೆ. ಗಾಜನೂರು ದಾಟಿದ ಮೇಲೆ ಜಡಿಮಳೆ. ಒಂದೊಂದು ಗುಂಡಿ ಬರುವ ಮುಂಚೆಯೂ "ಅಕ್ಕಾ, ಹಿಡ್ಕೊಳಿ" ಅನ್ನುತ್ತಿದ್ದ. ಮಂಡಗದ್ದೆಯಲ್ಲಿ ಗಾಡಿ ನಿಲ್ಲಿಸಿ, ದಿಂಬು ಜಾರಿದ್ದನ್ನು ತಾನೇ ಸರಿಮಾಡಿ, ಮತ್ತೆ ಹೊರಟ. ಯಾರೂ ಹೇಳಿಕೊಟ್ಟದ್ದಲ್ಲ ಅದು.

ಮನೆಗೆ ಬಂದಾಗ ಹೊಸಿಲುಗಳ ಎರಡೂ ಕಡೆ ಹಲಗೆಯ ಇಳಿಜಾರು ಸಿದ್ಧವಾಗಿತ್ತು. ಪಕ್ಕದ ಮನೆಯ ಹುಡುಗ ಎರಡು ದಿನ ಕೂತು ಮಾಡಿದ್ದು. ವಾಕರ್ ಜಾರಬಾರದು ಅಂತ ಮೇಲೆ ಗೋಣಿತಾಟು ಹೊಡೆದಿದ್ದ. ಕಮೋಡ್ ಕುರ್ಚಿ ಬಂದದ್ದು ಆಚೆ ಊರಿನ ಒಂದು ಮನೆಯಿಂದ. ಅವರ ಅಮ್ಮ ಕೊನೆಯ ಎರಡು ವರ್ಷ ಬಳಸಿದ ಕುರ್ಚಿ. ಅಮ್ಮ ತೀರಿಹೋದ ಮೇಲೆ ಅಟ್ಟದಲ್ಲಿ ಇಟ್ಟಿದ್ದರು, ಕೊಡಲು ಮನಸ್ಸು ಬಂದಿರಲಿಲ್ಲವಂತೆ. ನನ್ನ ವಿಷಯ ಕೇಳಿ ಇಳಿಸಿ, ತೊಳೆದು, ಆ ಮಳೆಯಲ್ಲಿ ಬಿಸಿಲೆಲ್ಲಿಂದ ಬರಬೇಕು, ಬಚ್ಚಲ ಒಲೆಯ ಮುಂದೆ ಇಟ್ಟು ಒಣಗಿಸಿ ಕಳಿಸಿದರು. ಕೂತಾಗ ಹೊಗೆಯ ವಾಸನೆ ಬರುತ್ತಿತ್ತು. ಆ ಅಮ್ಮನನ್ನು ನಾನು ನೋಡಿದವಳಲ್ಲ. ದಿನಾ ನೆನೆದಿದ್ದೇನೆ.

ನನ್ನ ಅತ್ತೆಗೆ 78 ವರ್ಷ, ಅವರಿಗೇ ಮಂಡಿನೋವು. ಬೆರಳು ನೀಲಿಯಾಗಿದೆಯಾ, ತಣ್ಣಗಾಗಿದೆಯಾ ನೋಡ್ತಾ ಇರಿ ಅಂತ ಆಸ್ಪತ್ರೆಯಲ್ಲಿ ಹೇಳಿದ್ದರು. ಅತ್ತೆ ಅದನ್ನು ತಮ್ಮ ಕೆಲಸ ಅಂತ ತಗೊಂಡುಬಿಟ್ಟರು. ಬೆಳಿಗ್ಗೆ ಕಾಫಿಗೂ ಮುಂಚೆ ಬಂದು ಪ್ಲಾಸ್ಟರಿನಿಂದ ಹೊರಗಿದ್ದ ಐದೂ ಬೆರಳನ್ನು ಒಂದೊಂದಾಗಿ ಮುಟ್ಟಿ, ಉಗುರು ಒತ್ತಿ ಕೆಂಪು ತಿರುಗಿ ಬರುವುದನ್ನು ನೋಡಿ, "ಬೆಚ್ಚಗಿದೆ ಕಣೆ" ಅನ್ನುವುದು. ಕಾಲು ಎದೆಗಿಂತ ಮೇಲೆ ಇರಬೇಕು, ಇಲ್ಲದಿದ್ದರೆ ಬಾವು ಇಳಿಯಲ್ಲ. ಬೂರುಗದ ಹತ್ತಿಯ ದಿಂಬು ರಾತ್ರಿ ಹೊತ್ತಿಗೆ ಕುಸಿಯುತ್ತಿತ್ತು. ಅದಕ್ಕೆ ಅತ್ತೆ ಮಾವನ ಹಳೇ ಕಂಬಳಿ ಮಡಿಸಿ ಅಡಿಗೆ ಇಟ್ಟರು. ಆಮೇಲೆ ಒಂದು ದಿನವೂ ಕುಸಿಯಲಿಲ್ಲ.

ನಮ್ಮನೆಯವರು ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಇಂಜೆಕ್ಷನ್ ಹಾಕಲು ಕಲಿತರು, ದಿನಾ ಹೊಟ್ಟೆಗೆ. ಮೊದಲ ವಾರ ಊರಿನ ನಿವೃತ್ತ ನರ್ಸ್ ಅಕ್ಕ ಜೊತೆಗೆ ನಿಂತು ಹೇಳಿಕೊಟ್ಟರು. ನಾದಿನಿ ನನ್ನ ಜೊತೆ ಹೊಗೆಸೊಪ್ಪು ಬಿಟ್ಟಳು. ಅದನ್ನು ಹಾಕಿದರೆ ಮೂಳೆ ಕೂಡುವುದು ನಿಧಾನ ಅಂತ ಡಾಕ್ಟರ್ ಹೇಳಿದ್ದು ನನಗೆ, ಆದರೆ ಎದುರಿಗೆ ಕೂತು ಎಲೆಅಡಿಕೆ ಹಾಕುವಾಗ ನನಗೆ ಆಸೆ ಆಗಬಾರದು ಅಂತ ಅವಳೂ ಬಿಟ್ಟಳು. ಇನ್ನೂ ಮುಟ್ಟಿಲ್ಲ.

ನಾಲ್ಕನೇ ವಾರ ಒಂದು ರಾತ್ರಿ ಕರೆಂಟ್ ಇರಲಿಲ್ಲ. ಯಾರನ್ನೂ ಎಬ್ಬಿಸೋದು ಬೇಡ ಅಂತ ಒಬ್ಬಳೇ ಎದ್ದೆ. ವಾಕರಿನ ಕಾಲು ಹಲಗೆಯ ಅಂಚಿಗೆ ಸಿಕ್ಕಿ ವಾಲಿದೆ, ಎಡಗಾಲು ದಪ್ಪಂತ ನೆಲಕ್ಕೆ ಬಡಿಯಿತು. ಆ ರಾತ್ರಿ ನನ್ನ ಭಯ ಹೇಳಲಾಗದು. ಮನೆಯಲ್ಲಿ ಸಿಗ್ನಲ್ ಇಲ್ಲ. ಬೆಳಕು ಹರಿಯುವ ಮುಂಚೆ ಪಕ್ಕದ ಮನೆ ಹುಡುಗ ಕೊಪ್ಪೆ ಹಾಕಿಕೊಂಡು ಗುಡ್ಡದ ಮೇಲಿನ ಹಲಸಿನ ಮರದ ಹತ್ತಿರ ಹೋಗಿ ಫೋನ್ ಮಾಡಿದ. ರಸ್ತೆಗೆ ಹಳ್ಳದ ನೀರು ಬಂದಿತ್ತು, ಜೀಪ್ ತಂದವರು ಮೊದಲು ತಾವೇ ಇಳಿದು ಆಳ ನೋಡಿ ದಾಟಿಸಿದರು. ಎಕ್ಸ್‌ರೇಯಲ್ಲಿ ಸ್ಕ್ರೂಗಳೆಲ್ಲ ಇದ್ದಲ್ಲೇ ಇದ್ದವು. ಕಾರಿಡಾರಿನಲ್ಲಿ ಕೂತು ಅತ್ತುಬಿಟ್ಟೆ.

ಅದೇ ಹೊತ್ತಿಗೆ ತೋಟಕ್ಕೆ ಎರಡನೇ ಸಲದ ಔಷಧಿ ಹೊಡೆಯಬೇಕಿತ್ತು. ಅಡಿಕೆ ಬೆಳೆಯುವವರಿಗೆ ಗೊತ್ತು, ಒಂದು ವಾರ ತಡವಾದರೆ ಕೊಳೆರೋಗ ಹತ್ತಿ ಎಳೆಗಾಯಿ ರಾಶಿ ಉದುರುತ್ತದೆ. ನಮ್ಮನೆಯವರು ನನ್ನ ಬಿಟ್ಟು ಕದಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಮಳೆ ಬಿಟ್ಟಿತ್ತು. ಅಂಗಳದಲ್ಲಿ ಮಾತು ಕೇಳಿಸಿತು, ಕಿಟಕಿಯಿಂದ ನೋಡಿದರೆ ಮೂರು ಮನೆಯವರು ನಮ್ಮ ಡ್ರಮ್ಮಿನಲ್ಲಿ ಆ ಔಷಧಿ, ಬೋರ್ಡೋ ದ್ರಾವಣ, ಕಲಸುತ್ತಿದ್ದರು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಕತ್ತಿ ಅದ್ದಿ ತೆಗೆದು, ಅಲಗು ಕೆಂಪಾಗಿದೆ, ಇನ್ನೊಂಚೂರು ಸುಣ್ಣ ಹಾಕಿ ಅಂತ ಒಬ್ಬರು ಕೂಗಿದರು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರನ್ನೂ ಅವರೇ ಕರೆತಂದಿದ್ದರು. ಸಂಜೆ ಹೊತ್ತಿಗೆ ಇಡೀ ತೋಟ ಮುಗಿಯಿತು. ಮುಯ್ಯಾಳು ಲೆಕ್ಕ ಬರೆದುಕೊಳ್ಳಿ, ಆಮೇಲೆ ನಿಮ್ಮ ತೋಟಕ್ಕೆ ನಾವು ಬರುತ್ತೇವೆ ಅಂದರೆ ಕೇಳಲಿಲ್ಲ. ಈ ಸಲ ನಮ್ಮ ತೋಟದಲ್ಲಿ ಕೊಳೆ ಬಹಳ ಕಡಿಮೆ.

ಆಗಸ್ಟ್‌ನಲ್ಲಿ, ಆಶ್ಲೇಷ ಮಳೆಯಲ್ಲಿ ಪ್ಲಾಸ್ಟರ್ ಬಿಚ್ಚಿದರು. ಮೀನಖಂಡ ಕರಗಿ ಹೋಗಿತ್ತು, ಚರ್ಮ ಪೊರೆಪೊರೆಯಾಗಿ ಏಳುತ್ತಿತ್ತು, ಕಾಲು ಕೆಳಗೆ ಬಿಟ್ಟರೆ ಎರಡೇ ನಿಮಿಷಕ್ಕೆ ನೇರಳೆ ಬಣ್ಣ. ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ ಹೆದರಬೇಡಿ, ಹೀಗೇ ಆಗೋದು ಅಂದಳು. ಎಷ್ಟು ಭಾರ ಬಿಡಬೇಕು ಅಂತ ನನಗೆ ತಿಳಿಯುತ್ತಿರಲಿಲ್ಲ. ಅವಳು ಅಡಿಕೆ ತೂಗುವ ನಮ್ಮ ತಕ್ಕಡಿಯನ್ನೇ ಜಗುಲಿಗೆ ತರಿಸಿ ಅದರ ಮೇಲೆ ಕಾಲಿಡಿಸಿದಳು. ಬಲಗಾಲು ಪಕ್ಕದ ಮಣೆ ಮೇಲೆ. ಮೊದಲ ದಿನ 10 ಕಿಲೋ ತೋರಿಸಿದ ಕೂಡಲೇ "ಸಾಕು" ಅಂದಳು. ಆಮೇಲೆ 15, 20. ನನ್ನ ಪೂರ್ತಿ ತೂಕ 61 ಕಿಲೋ ಆ ಒಂದೇ ಕಾಲಿನ ಮೇಲೆ ಬಂದ ದಿನ ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು.

ಸಂಜೆಗೆ ಇನ್ನೂ ಬಾವು ಬರುತ್ತದೆ. ವರ್ಷ ಹಿಡಿಯಬಹುದು ಅಂದಿದ್ದಾರೆ. ಆದರೆ ಆ ಹಳೇ ನೋವು ಇಲ್ಲ. ಬೆಳಿಗ್ಗೆ ಪಾದ ಊರಿದಾಗ ಅದಕ್ಕಾಗಿ ಕಾಯುತ್ತೇನೆ, ಬರುವುದೇ ಇಲ್ಲ.

ಸಾರು, ತಂಬುಳಿ, ಪತ್ರೊಡೆ ತಂದುಕೊಟ್ಟವರು, ದನಕ್ಕೆ ಹುಲ್ಲು ಹಾಕಿದವರು, ಮಧ್ಯಾಹ್ನ ಸುಮ್ನೆ ಬಂದು ಪಕ್ಕದಲ್ಲಿ ಕೂತು ಹೋದವರು, ನಿಮಗೆಲ್ಲ ಕೈಮುಗಿಯುತ್ತೇನೆ. ಹೆಸರು ಹಾಕಬೇಡ ಅಂದಿರಿ, ಹಾಕಿಲ್ಲ.

ಇನ್ನೊಂದು. ಆ ಕಮೋಡ್ ಕುರ್ಚಿ ವಾಪಸ್ ಕೊಡಲು ಹೋದರೆ ಅವರು ತಗೊಳ್ಳಲಿಲ್ಲ, ಬೇಕಾದವರಿಗೆ ಕೊಡಿ ಅಂದರು. ಈಗ ಕುರ್ಚಿ, ವಾಕರ್, ಹಲಗೆಗಳು, ಮೂರೂ ನಮ್ಮ ಜಗುಲಿಯಲ್ಲಿವೆ, ತೊಳೆದು ಒಣಗಿಸಿ ಇಟ್ಟಿದ್ದೇನೆ. ತೀರ್ಥಹಳ್ಳಿ, ಹೊಸನಗರ ಕಡೆ ಯಾರಿಗಾದರೂ ಬೇಕಿದ್ದರೆ ಹೇಳಿ ಕಳಿಸಿ, ಹುಡುಗ ತಲುಪಿಸುತ್ತಾನೆ.