ನಿಮ್ಮ ಮನೆ ಮುಂದಿನ ಸಾಲು: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ಕಲಬುರಗಿಯವನು. 32 ವರ್ಷ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾಗಿದ್ದೇನೆ. ನನಗೆ ಏನಾದರೂ ಬೇಕು ಅಂತ ಈ ಪತ್ರ ಬರೆಯುತ್ತಿಲ್ಲ. ಎರಡು ತಿಂಗಳ ಹಿಂದೆ ನಮ್ಮ ಮನೆಯ ಒಂದು ಕೆಲಸ ನಿಮ್ಮ ಹೆಸರಿನಿಂದಲೇ ಆಯಿತು. ಆವತ್ತಿನಿಂದ ನನಗೆ ಸಮಾಧಾನ ಇಲ್ಲ.

ನಮ್ಮ ಚಿಗವ್ವನಿಗೆ 74 ವರ್ಷ. ಮಕ್ಕಳಿಲ್ಲ. ಸರ್ಕಾರದ ಸಂಧ್ಯಾ ಸುರಕ್ಷಾ ಯೋಜನೆಯಿಂದ ತಿಂಗಳಿಗೆ 1,200 ರೂಪಾಯಿ ವೃದ್ಧಾಪ್ಯ ಪಿಂಚಣಿ ಬರುತ್ತಿತ್ತು. ಫೆಬ್ರವರಿಯಿಂದ ನಿಂತುಹೋಯಿತು. ಯಾಕೆ ಅಂತ ಯಾರೂ ಹೇಳಲಿಲ್ಲ. ಕಚೇರಿಗೆ ಹೋದರೆ ಬ್ಯಾಂಕಿಗೆ ಹೋಗಿ ಅಂದರು. ಬ್ಯಾಂಕಿನಲ್ಲಿ ಆಧಾರ್ ಜೋಡಣೆ ತಪ್ಪಿದೆ ಅಂದರು. ಅದನ್ನು ಸರಿ ಮಾಡಿಸಲು ಹೋದರೆ ಅವಳ ಹೆಬ್ಬೆಟ್ಟನ್ನೇ ಮಷೀನು ತೆಗೆದುಕೊಳ್ಳಲಿಲ್ಲ. 50 ವರ್ಷ ತೊಗರಿ ಹೊಲದಲ್ಲಿ ಕಳೆ ತೆಗೆದ ಕೈ ಅದು. ದಿನಾ ಜೋಳದ ರೊಟ್ಟಿ ಬಡಿದ ಕೈ. ಗೆರೆ ಎಲ್ಲಿ ಉಳಿಯಬೇಕು? ಪ್ರತಿ ಸಲ ಆಗಲಿಲ್ಲ ಅಂದಾಗ ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡು, ತಾನೇ ಏನೋ ತಪ್ಪು ಮಾಡಿದವಳಂತೆ ನನ್ನ ಮುಖ ನೋಡುತ್ತಿದ್ದಳು.

ಹೀಗೇ ಮೇ ತಿಂಗಳು ಬಂತು. ಬಿಸಿಲಿಗಾಗಿ ನಮ್ಮ ಕಡೆ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ನಾವು ಎಂಟಕ್ಕೇ ಹೋಗಿ ಸಾಲಿನಲ್ಲಿ ನಿಂತೆವು. ನಮ್ಮ ಮುಂದೆ ಒಬ್ಬ ಅಜ್ಜ. ಫರಹತಾಬಾದ್ ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದಿದ್ದರು. ಅವರದೂ ಪಿಂಚಣಿಯದೇ ತೊಂದರೆ. ಇದು ಐದನೇ ಸಲ ಅಂದರು. ಪ್ಲಾಸ್ಟಿಕ್ ಚೀಲದಲ್ಲಿ ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡ್, ಎಲ್ಲದರ ಝೆರಾಕ್ಸ್. ಜೊತೆಗೆ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ. ಕೆಲಸ ಬೇಗ ಆಗುವುದಿಲ್ಲ ಅಂತ ಮನೆಯಿಂದಲೇ ತಯಾರಾಗಿ ಬಂದಿದ್ದರು.

ಅವರಿಗೆ ಹೇಳಿದ್ದನ್ನೇ ನಮಗೂ ಹೇಳಿದರು. "ಸರ್ವರ್ ಇಲ್ರೀ, ನಾಳಿ ಬರ್ರಿ." ನಾನು ಸ್ವಲ್ಪ ಜೋರಾಗಿ ಕೇಳಿದೆ. ಆಗ ಕೌಂಟರಿನವರು ತಲೆ ಎತ್ತಿ, "ನೀವು ಯಾರ ಕಡೆಯವ್ರರೀ?" ಅಂದರು.

ಹೊರಗೆ ಬಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನ್ ಮಾಡಿದೆ. ಈಗ ನಿಮ್ಮ ಜೊತೆ ಓಡಾಡುತ್ತಾನೆ. ಒಳ್ಳೆಯ ಹುಡುಗ. ಅರ್ಧ ತಾಸಿನಲ್ಲಿ ನಮ್ಮನ್ನು ಒಳಗೆ ಕರೆದರು. ಕುರ್ಚಿ ಹಾಕಿದರು. ಚಹಾ ತರಿಸಿದರು. ಹೆಬ್ಬೆಟ್ಟು ಬರದಿದ್ದರೆ ಕಣ್ಣಿನ ಗುರುತು ತೆಗೆದುಕೊಳ್ಳಬಹುದು ಅಂತ ಆಗ ಹೇಳಿದರು. ಮೂರು ತಿಂಗಳಿಂದ ಯಾರೂ ಹೇಳದ ಮಾತು! ಅದೇ ವಾರ ಚಿಗವ್ವನ ಕೆಲಸ ಮುಗಿಯಿತು.

ಆವತ್ತು ನಾವು ಹೊರಗೆ ಬರುವಾಗ ಅಜ್ಜ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದರು. "ಆಯ್ತೇನ್ರೀ ಮಾಸ್ತರೇ?" ಅಂತ ಖುಷಿಯಿಂದಲೇ ಕೇಳಿದರು. ನಾನು ಹೂಂ ಅಂದೆ. "ಬರ್ರಿ, ನಿಮ್ಮದೂ ಮಾಡಿಸ್ತೀನಿ" ಅನ್ನಲಿಲ್ಲ. ಇನ್ನೊಂದು ಸಲ ಫೋನ್ ಮಾಡಲು ಸಂಕೋಚವಾಯಿತು. ವಶೀಲಿ ಅಂದರೆ ಹಾಗೇ ಅಲ್ವಾ? ನಮ್ಮವರಿಗೆ ಬೇಕಾಗುತ್ತದೆ ಅಂತ ಉಳಿಸಿಕೊಳ್ಳುತ್ತೇವೆ.

ನಮ್ಮ ಓಣಿಯ ನಲ್ಲಿ ನೀರಿನದೂ ಇದೇ ಕಥೆ. ನೀರು ಬಿಡುವುದು ಎಷ್ಟೋ ದಿನಕ್ಕೊಮ್ಮೆ. ಬಿಟ್ಟಾಗ ಮೊದಲು ಒಬ್ಬರು ನಲ್ಲಿಗೆ ಮೋಟಾರ್ ಹಚ್ಚಿದರು. ಪಕ್ಕದ ಮನೆಗೆ ನೀರು ಕಡಿಮೆಯಾಯಿತು. ಅವರೂ ಹಚ್ಚಿದರು. ಈಗ ಎಲ್ಲರ ಮನೆಯಲ್ಲೂ ಮೋಟಾರ್ ಇದೆ, ಓಣಿಯ ತುದಿಯಲ್ಲಿರುವ ಎರಡು ಮನೆ ಬಿಟ್ಟು. ಅವರಿಗೆ ಮೋಟಾರ್ ಕೊಳ್ಳುವ ಶಕ್ತಿ ಇಲ್ಲ. ನೀರು ಬಿಟ್ಟ ದಿನ ಆ ಮನೆಯ ಹೆಣ್ಣುಮಕ್ಕಳು ಕೊಡ ಹಿಡಿದು ನಮ್ಮ ಬಾಗಿಲಿಗೆ ಬರುತ್ತಾರೆ. ನಾವು ಕೊಡುತ್ತೇವೆ. ಒಳ್ಳೆಯವರು ಅನ್ನಿಸಿಕೊಳ್ಳುತ್ತೇವೆ. ಅವರ ಪಾಲಿನ ನೀರನ್ನು ಎಳೆದುಕೊಂಡವರು ನಾವೇ. ಹಿಂದೆ ನೀರು ಬರದಿದ್ದರೆ ಓಣಿಯವರೆಲ್ಲ ಕೂಡಿ ಹೋಗಿ ಕೇಳುತ್ತಿದ್ದರು. ಮೋಟಾರ್ ಬಂದ ಮೇಲೆ ಕೂಡಿ ಹೋಗುವುದು ನಿಂತಿತು.

ಬೆಳಗ್ಗೆ ಆರೂವರೆಗೆ ವಾಕಿಂಗ್ ಹೋಗುವಾಗ ನಿಮ್ಮ ಮನೆ ಮುಂದಿನ ಸಾಲು ನೋಡುತ್ತೇನೆ. ರೇಷನ್ ಕಾರ್ಡ್, ಪಹಣಿ ತಿದ್ದುಪಡಿ, ಆಸ್ಪತ್ರೆಗೆ ಒಂದು ಚಿಟ್ಟಿ. ನೀವು ಬೇಸರ ಮಾಡಿಕೊಳ್ಳದೆ ಒಬ್ಬೊಬ್ಬರ ಮಾತು ಕೇಳುತ್ತೀರಿ. ಅದು ನನಗೆ ಗೊತ್ತು, ಅದಕ್ಕೆ ಗೌರವವೂ ಇದೆ. ಆದರೆ ಆ ಸಾಲಿನಲ್ಲಿರುವ ಹೆಚ್ಚಿನ ಕೆಲಸ ನಿಮ್ಮದಲ್ಲ ಸಾಹೇಬ್ರೇ. ಕೌಂಟರಿನಲ್ಲೇ ಆಗಬೇಕಾದವು. ಅಲ್ಲಿ ಆಗದೆ ನಿಮ್ಮ ಬಾಗಿಲಿಗೆ ಬಂದಿವೆ. ನೀವು ಒಂದು ಫೋನ್ ಮಾಡಿದಾಗ ಒಬ್ಬರ ಕೆಲಸ ಆಗುತ್ತದೆ. ಫೋನ್ ಬಂದರೆ ಮಾತ್ರ ಮಾಡಿದರಾಯಿತು ಅಂತ ಕೌಂಟರಿನವರೂ ಕಲಿಯುತ್ತಾರೆ.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗುವುದು ಮಕ್ಕಳನ್ನು ನೋಡಿದಾಗ. ನಮ್ಮ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಗೆ 2012ರ ಕೊನೆಗೆ ಸಂಸತ್ತು ಒಪ್ಪಿಗೆ ಕೊಟ್ಟಾಗ ಸ್ಟಾಫ್ ರೂಮಿನಲ್ಲಿ ಸಿಹಿ ಹಂಚಿದವನು ನಾನು. ಆಮೇಲೆ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ನಮ್ಮ ಮಕ್ಕಳಿಗೆ ಅಂತಾಯಿತು. ಎಷ್ಟು ದೊಡ್ಡ ಹಕ್ಕು ಅದು! ಆದರೆ ಅದರ ಸರ್ಟಿಫಿಕೇಟಿಗೆ ಓಡಾಡಿದ ಹುಡುಗರು ಬಂದು ಮೊದಲು ಕೇಳುತ್ತಿದ್ದುದು, "ಸರ್, ಆ ಆಫೀಸಿನಾಗ ನಿಮಗ ಯಾರರೆ ಗುರ್ತಿನವರು ಅದಾರೇನ್ರೀ?" ಹದಿನೇಳು ವರ್ಷದ ಹುಡುಗ. ಹಕ್ಕು ಇದೆ ಅಂತ ನಾನು ಪೌರನೀತಿಯಲ್ಲಿ ಪಾಠ ಹೇಳಿದ್ದೆ. ಗುರ್ತಿನವರು ಬೇಕು ಅಂತ ಅವನು ತಾನೇ ಕಲಿತ. ದೊಡ್ಡವನಾದ ಮೇಲೆ ಏನಾಗುತ್ತೀಯಾ ಅಂತ ಕೇಳಿದ್ದಕ್ಕೆ ಎಂಟನೇ ತರಗತಿಯ ಒಬ್ಬ "ಎಮ್ಮೆಲ್ಲೆ" ಅಂದಿದ್ದ. ಯಾಕಪ್ಪಾ ಅಂದೆ. "ನಮ್ಮವ್ವನ ರೇಷನ್ ಕಾರ್ಡ್ ಮಾಡಸ್ಬೇಕ್ರೀ ಸರ್" ಅಂದ.

2019ರಲ್ಲಿ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರಾಯಿತು. ಕಲ್ಯಾಣ ಅಂದರೆ ನಮಗೆ 12ನೇ ಶತಮಾನದ ಬಸವಕಲ್ಯಾಣ. ಕುಲ ಕೇಳದೆ ಪಕ್ಕದಲ್ಲಿ ಕೂರಿಸಿಕೊಂಡವರ ಊರು. ಆ ಹೆಸರು ಹೊತ್ತ ನೆಲದಲ್ಲಿ ಒಬ್ಬ ಮುದುಕನಿಗೆ "ಯಾರ ಕಡೆಯವರು" ಅಂತ ಕೇಳಬಾರದು.

ನಿಮ್ಮಿಂದ ನನಗೆ ಬೇಕಿರುವುದು ಹೊಸ ಯೋಜನೆಯಲ್ಲ. ಸಕಾಲ ಕಾನೂನು 2011ರದು, 2012ರಿಂದ ರಾಜ್ಯದ ತುಂಬ ಜಾರಿಯಲ್ಲಿದೆ. ಇಂಥ ಕೆಲಸ ಇಷ್ಟು ದಿನದಲ್ಲಿ ಆಗಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ ಕೊಡಬೇಕು ಅನ್ನುತ್ತದೆ. ಆದರೆ ಆ ದಿನಗಳ ಲೆಕ್ಕ ಶುರುವಾಗುವುದು ಅರ್ಜಿ ತೆಗೆದುಕೊಂಡು ನಂಬರ್ ಕೊಟ್ಟ ಮೇಲೆ. "ನಾಳಿ ಬರ್ರಿ" ಅಂತ ಬಾಯಿಮಾತಿನಲ್ಲಿ ಕಳಿಸಿದರೆ ಲೆಕ್ಕವೇ ಶುರುವಾಗುವುದಿಲ್ಲ. ಅಜ್ಜ ಐದು ಸಲ ಬಂದದ್ದು ಎಲ್ಲೂ ಬರೆದಿಲ್ಲ. ನಮ್ಮ ಓಡಾಟವೂ ಬರೆದಿಲ್ಲ.

ಅದಕ್ಕೇ ಒಂದೇ ಮಾತು ಕೇಳುತ್ತೇನೆ. ಕೌಂಟರಿಗೆ ಬಂದ ಯಾರೂ ಬರಿಗೈಯಲ್ಲಿ ವಾಪಸ್ ಹೋಗದಂತೆ ನೋಡಿಕೊಳ್ಳಿ. ಸರ್ವರ್ ಇಲ್ಲದಿದ್ದರೆ ಸರ್ವರ್ ಇಲ್ಲ ಅಂತಲೇ ಬರೆದು, ತಾರೀಖು ಹಾಕಿ, ಸಹಿ ಮಾಡಿ ಕೊಡಲಿ. ಆಗುವುದಿಲ್ಲ ಅಂದರೆ ಯಾಕೆ ಅಂತ ಬರೆದು ಕೊಡಲಿ. ತಾಲ್ಲೂಕಿನ ಸಭೆಯಲ್ಲಿ ಆ ಚೀಟಿಗಳನ್ನು ಎದುರಿಗಿಟ್ಟುಕೊಂಡು ನೀವು ಕೇಳಿ. ನಿಮ್ಮ ಮನೆಗೆ ಬಂದವರಿಗೂ ಮೊದಲು "ಚೀಟಿ ಎಲ್ಲಿದೆ?" ಅಂತ ಕೇಳಿ. ಇದರಿಂದ ಬೆಳಗಿನ ಸಾಲು ಕರಗಿದರೆ ನಿಮ್ಮ ಓಟು ಕರಗುತ್ತದೆ ಅಂತ ನಿಮ್ಮ ಸುತ್ತಲಿನವರು ಹೇಳಬಹುದು. ನಾನು ಹಾಗೆ ನಂಬುವುದಿಲ್ಲ. ಐದು ಸಲ ಬಸ್ ಚಾರ್ಜ್ ಕೊಟ್ಟವರಿಗೆ ಒಂದೇ ಸಲಕ್ಕೆ ಕೆಲಸವಾದರೆ ಅವರು ಅದನ್ನು ಮರೆಯುವುದಿಲ್ಲ.

ಆ ಅಜ್ಜನ ಹೆಸರು ನಾನು ಕೇಳಲಿಲ್ಲ. ಆಮೇಲೆ ಎರಡು ಸಲ ಆ ಕಚೇರಿಗೆ ಹೋಗಿ ನೋಡಿದೆ, ಸಿಗಲಿಲ್ಲ. ಬರುವ ಸೋಮವಾರ ಮತ್ತೆ ಹೋಗುತ್ತೇನೆ. ನಿಮಗೆ ಆದರೆ ನೀವೂ ಬನ್ನಿ. ಯಾರಿಗೂ ಹೇಳದೆ ಬಂದು ಸಾಲಿನ ಕೊನೆಗೆ ನನ್ನ ಜೊತೆ ನಿಲ್ಲಿ.

ಇಂತಿ ನಿಮ್ಮ ಮತದಾರ,
ಒಬ್ಬ ನಿವೃತ್ತ ಮಾಸ್ತರ, ಕಲಬುರಗಿ